ಗಾಜು ಒರೆಸಿದ ಧೋತ್ರಗಳು

ಗಾಜು ಒರೆಸುವುದೂ ಒಂದು ಉದ್ಯೋಗವೇ ಎಂದು ನನ್ನ ತವರಿನವರು ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಅವರ ಮನೆಯ ಕಿಟಕಿಯನ್ನೇ ತೋರಿಸಿ, "ನಿಮ್ಮ ಗಾಜಿನ್ಯಾಗ ಹೊರಗಿನ ಬೇವಿನ ಗಿಡ ಕಾಣ್ತೈತೇನು, ಹೇಳ್ರಿ" ಎಂದು ಕೇಳಿದ್ದೆ. ಕಾಣುತ್ತಿರಲಿಲ್ಲ. ಆದರೂ ಅವರು ಸೋಲೊಪ್ಪಲಿಲ್ಲ, ನಾನು ಊಟ ಮಾಡದೆ ಎದ್ದು ಬಂದೆ.

ನಮ್ಮ ಮನೆಯವರು ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಒಂದು ದಿನ ಕಾರ್ಖಾನೆ ಬಾಗಿಲು ಹಾಕಿತು. ಅದೇ ಕಾಲಕ್ಕೆ ಮಾದಾಪುರದ ಕಡೆ ಬಂಡೆಗಳನ್ನು ಒಡೆದು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಹೈದರಾಬಾದಿನಲ್ಲಿ ಯಾರನ್ನು ಕೇಳಿದರೂ ಕಂಪ್ಯೂಟರಿನದೇ ಮಾತು. ನಮ್ಮ ನಾರಾಯಣಗೂಡದ ಓಣಿಯಲ್ಲಿ ಎರಡು ಮನೆಗೊಂದು ಕೋಚಿಂಗ್ ಸೆಂಟರ್ ತೆರೆದಿತ್ತು. ಎಲ್ಲರೂ ಆ ಕಟ್ಟಡಗಳ ಒಳಗೆ ಹೋಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಇವರು ಹೊರಗೆ ನಿಂತು ಕತ್ತೆತ್ತಿ ನೋಡಿ, "ಇವನ್ನೆಲ್ಲಾ ಯಾರಾದ್ರೂ ಒರಸಬೇಕಲ್ಲ" ಎಂದರು. ಮದುವೆಯಾದ ಮೇಲೆ ಇವರು ಆಡಿದ ಮೊದಲ ಬುದ್ಧಿವಂತ ಮಾತು ಅದು ಎಂದು ನಾನು ಆಗಾಗ ಹೇಳುತ್ತಿರುತ್ತೇನೆ.

ಕಾಚಿಗೂಡ ಸ್ಟೇಷನ್ನಿನ ಎದುರು ಕೂಲಿಗೆ ನಿಲ್ಲುತ್ತಿದ್ದ ಸೇಡಂ ಕಡೆಯ ಅಣ್ಣತಮ್ಮಂದಿರಿಬ್ಬರು ಸಿಕ್ಕರು. ಕಟ್ಟಡಗಳಿಗೆ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಬಳಿದವರು, ಎತ್ತರಕ್ಕೆ ಹೆದರುವವರಲ್ಲ. ಕಟ್ಟಡದ ತಲೆಯಿಂದ ಇಳಿಬಿಡುವ ಕಬ್ಬಿಣದ ತೊಟ್ಟಿಲಿಗೆ ಅವರು ಜೂಲಾ ಎನ್ನುತ್ತಿದ್ದರು. ಜೂಲಾದಲ್ಲಿ ನಿಂತು ಸೋಪಿನ ನೀರು ಹಚ್ಚುವುದು, ರಬ್ಬರಿನ ವೈಪರಿನಿಂದ ಎಳೆಯುವುದು, ಕೊನೆಗೆ ಅಂಚುಗಳನ್ನು ಅರಿವೆಯಿಂದ ಒರೆಸುವುದು, ಇಷ್ಟೇ ಕೆಲಸ. ಮನೆಯಲ್ಲಿ ನಾವು ಹೊಣೆ ಹಂಚಿಕೊಂಡಿದ್ದೆವು. ಕೆಲಸ ಇವರದು, ಜಗಳ ನನ್ನದು. ಎದುರಿಗಿದ್ದವರು ಸ್ವಲ್ಪ ದನಿ ಏರಿಸಿದರೆ ನಮ್ಮ ಮನೆಯವರು ಹೌದು ಹೌದು ಎಂದುಬಿಡುತ್ತಾರೆ. ಹಾಗಾಗಿ ಎಲ್ಲಿ ತಕರಾರು ಬಂದರೂ ನಾನು ಬಸ್ಸು ಹಿಡಿದು ಹೋಗುತ್ತಿದ್ದೆ.

ಅತ್ತೆಯ ವಿಷಯ ಈಗ ಹೇಳಬೇಕು. ಮಾವ ತೀರಿಕೊಂಡ ಮೇಲೆ ಅವರು ಗುಲ್ಬರ್ಗಾದಿಂದ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಬಂದವರು ಬೀಗರ ಮನೆಗೆ ಬಂದ ಹಾಗೆ ಇದ್ದರು. ಕುಡಿಯುವ ನೀರು ಬೇಕಾದರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಒಂದು ಲೋಟ ತಗೊಳ್ಳಲೇನವಾ?" ಎಂದು ಕೇಳುವರು. ನಾನು ಏನು ಮಾಡಿ ಹಾಕಿದರೂ "ಭಾಳ ಛಲೋ ಆಗೈತಿ" ಎಂದು ಉಣ್ಣುವರು. ಮತ್ತೆ ಊಟ ಮುಗಿದು ಕೈ ತೊಳೆಯುವಾಗ, "ಇನ್ನ ನಾಕು ದಿನ ಇದ್ದು ಬೆಂಗಳೂರಿಗೆ ಮಗಳ ಮನಿಗೆ ಹೋಗ್ತೀನಿ. ಇಲ್ಲಿ ಕುಂತು ತಿನ್ನೋದು ಬಿಟ್ರ ನನಗೇನು ಕೆಲಸ?" ಎನ್ನುವರು.

ಆ ಮಾತು ನನಗೆ ಸೇರುತ್ತಿರಲಿಲ್ಲ. ನಾನು ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು. ಮಧ್ಯಾಹ್ನ ಮನೆಗೆ ಬಂದರೆ ಒಳಗೊಬ್ಬ ಹೆಂಗಸು ಕುಳಿತು ಸೊಪ್ಪು ಸೋಸುತ್ತಿರುವುದೇ ನನಗೊಂದು ಸುಖ. ಅವರು ಹೋಗಬಾರದು, ಇಲ್ಲೇ ಇರಬೇಕು ಎಂದು ನನ್ನ ಆಸೆ. ಅದನ್ನು ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಹಾಲಿನವನಿಂದ ಹಿಡಿದು ಮನೆ ಮಾಲೀಕನವರೆಗೆ ಎಲ್ಲರ ಮೇಲೂ ಬಾಯಿ ಮಾಡುವ ನಾನು ಅವರೆದುರು ಮಾತ್ರ ಬೆಣ್ಣೆ. "ಹೂಂರಿ ಅತ್ತಿ, ಆತ್ರಿ ಅತ್ತಿ" ಇಷ್ಟೇ ನನ್ನ ಮಾತು. ಒಂದು ಮಾತು ಹೆಚ್ಚು ಕಡಿಮೆಯಾದರೆ ಅವರು ಎದ್ದು ಹೋಗಿಬಿಡುತ್ತಾರೇನೋ ಎನ್ನುವ ಹೆದರಿಕೆ.

ಅವರನ್ನು ಮನೆಯಲ್ಲಿ ನಿಲ್ಲಿಸಿದ್ದು ನಾನಲ್ಲ, ಗಾಜು. ಶುರುವಿನಲ್ಲಿ ನಾವು ಅಂಗಡಿಯಿಂದ ಹಳದಿ ಡಸ್ಟರ್ ಬಟ್ಟೆ ತರುತ್ತಿದ್ದೆವು. ಅದು ಗಾಜಿನ ಮೇಲೆಲ್ಲ ಎಳೆ ಬಿಡುತ್ತಿತ್ತು. ಒಂದು ಸಂಜೆ ಇದನ್ನೇ ಗೊಣಗುತ್ತ ಕುಳಿತಿದ್ದಾಗ ಅತ್ತೆ ಎದ್ದು ಹೋಗಿ ತಮ್ಮ ಟ್ರಂಕಿನಿಂದ ಮಾವನ ಹಳೆಯ ಧೋತ್ರಗಳನ್ನು ತಂದು ನಡುವೆ ಇಟ್ಟರು. ಒಗೆದೊಗೆದು ಮೆತ್ತಗಾದ ಹತ್ತಿಯ ಧೋತ್ರಗಳು.

"ಇವು ಎಳಿ ಬಿಡಂಗಿಲ್ಲ. ಹರ್ಕೊಳ್ರಿ" ಎಂದರು.

ನಮ್ಮ ಮನೆಯವರು ಧೋತ್ರದ ಅಂಚು ಹಿಡಿದು ಕುಳಿತರೇ ಹೊರತು ಹರಿಯಲಾಗಲಿಲ್ಲ. ಕೊನೆಗೆ ಅತ್ತೆಯೇ ಅಂಚನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ ಸರ್ರನೆ ಸೀಳಿದರು. "ಪೆಟ್ಟಿಗ್ಯಾಗ ಇಟ್ರ ನುಸಿ ತಿಂತಾವ. ಮಗನ ಕೆಲಸಕ್ಕರ ಬರಲಿ." ಕಣ್ಣಲ್ಲಿ ನೀರಿತ್ತು, ಆದರೆ ಕೈ ನಿಲ್ಲಲಿಲ್ಲ.

ಮಾರನೆಯ ದಿನದಿಂದ ಗಾಜಿನ ಮೇಲೆ ಒಂದು ಎಳೆಯೂ ಇಲ್ಲ. ಅರಿವೆಗಳನ್ನು ಒಗೆಯುವುದನ್ನು ಅತ್ತೆ ತಾವೇ ವಹಿಸಿಕೊಂಡರು. ಮಾಳಿಗೆಯ ಮೇಲೆ ಹಗ್ಗ ಕಟ್ಟಿಸಿದರು. ಒಣಗಿದವನ್ನು ಚೌಕ ಮಡಿಸಿ, ಹಾಸಿಗೆಯ ಕೆಳಗಿಟ್ಟು ನೆರಿಗೆ ತೆಗೆದು, ಬೆಳಗ್ಗೆ ಅಣ್ಣತಮ್ಮಂದಿರು ಬಂದಾಗ ಚಹಾದ ಜೊತೆ ಗಂಟು ಕೊಟ್ಟು ಕಳಿಸುವರು. ಅಣ್ಣನಾದವನು ಒಂದು ದಿನ, "ಅವ್ವಾರ, ಇಷ್ಟು ಛಂದ ಅರಿವಿ ನಮಗ ಉಡಾಕೂ ಇಲ್ರಿ" ಎಂದ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅಂದಿನಿಂದ ಬೆಂಗಳೂರಿನ ಮಾತು ನಿಂತಿತು. ನಾನು ಒಳಗೊಳಗೇ ದೇವರಿಗೆ ಕೈ ಮುಗಿದೆ.

ಅಷ್ಟರಲ್ಲಿ ನಮಗೆ ಮೊದಲ ದೊಡ್ಡ ಕೆಲಸ ಸಿಕ್ಕಿತು. ಮಾದಾಪುರದಲ್ಲಿ ಹೊಸದಾಗಿ ಕಟ್ಟಿದ ಪೂರ್ತಿ ಗಾಜಿನ ಕಟ್ಟಡ, ಇನ್ನೇನು ಕಂಪನಿಯವರು ಬಂದು ಕೂರಬೇಕು. ಇದೊಂದು ಸರಿಯಾಗಿ ಆದರೆ ವರ್ಷವಿಡೀ ಒರೆಸುವ ಕೆಲಸವೂ ನಮಗೇ. ಅಣ್ಣತಮ್ಮಂದಿರು ಕಟ್ಟಡಕ್ಕೆಲ್ಲ ಒಂದು ಸುತ್ತು ಮುಗಿಸಿದ ಸಂಜೆ ಅಲ್ಲಿನ ಮ್ಯಾನೇಜರ್ ಫೋನು ಮಾಡಿದರು. ಆ ಫೋನು ತಕರಾರಿನದಾದ್ದರಿಂದ ನಾನು ಹೋದೆ.

ಮ್ಯಾನೇಜರ್ ತೆಲುಗಿನವರು, ಮರ್ಯಾದಸ್ಥರು. ನನ್ನನ್ನು ಒಂದು ಗಾಜಿನ ಪಕ್ಕಕ್ಕೆ ಕರೆದೊಯ್ದು, ಕೆನ್ನೆಯನ್ನು ಹೆಚ್ಚುಕಡಿಮೆ ಗಾಜಿಗೇ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, "ಚೂಡಂಡಿ ಮೇಡಂ" ಎಂದರು. ನಾನೂ ಹಾಗೇ ಕೆನ್ನೆ ತಾಗಿಸಿ ನೋಡಿದೆ. ಬೆಳಗ್ಗೆ ಕಾಣದೆ ಇದ್ದದ್ದು ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುತ್ತಿತ್ತು. ಚೌಕಟ್ಟಿನ ಉದ್ದಕ್ಕೂ ಮಸುಕು ಬಿಳಿ ಪಟ್ಟಿ, ಮೂಲೆಗಳಲ್ಲಿ ಕೈ ತಿರುಗಿಸಿದ ಗುರುತು. ಒಂದು ಗಾಜಿನಲ್ಲಲ್ಲ, ಎಲ್ಲದರಲ್ಲೂ.

ಮುಂದಿನ ವಾರವೇ ಓಪನಿಂಗ್, ಹೊರದೇಶದಿಂದ ದೊಡ್ಡವರು ಬರುತ್ತಾರೆ, ಇದು ಹೋಗದಿದ್ದರೆ ಮುಂಬೈಯ ಕಂಪನಿಯನ್ನು ಕರೆಸುತ್ತೇವೆ ಎಂದು ಅವರು ಬಹಳ ನಯವಾಗಿ ಹೇಳಿದರು. ಅವರು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ನಯವಾಗಿ ಮಾತಾಡುವವರ ಜೊತೆ ಜಗಳ ಮಾಡುವುದು ನನಗೆ ಇವತ್ತಿಗೂ ಬರುವುದಿಲ್ಲ.

ಕಲೆ ಒಳಗಿನದೋ ಹೊರಗಿನದೋ ಎನ್ನುವುದರಿಂದ ಶುರು ಮಾಡಿದೆವು. ಅಣ್ಣ ಹೊರಗೆ ಜೂಲಾದಲ್ಲಿ, ನಾನು ಒಳಗೆ. ನಾನು ಕಲೆಯ ಮೇಲೆ ಬೆರಳಿಟ್ಟರೆ ಅವನು ಆಚೆಯಿಂದ ಅದೇ ಜಾಗಕ್ಕೆ ಬೆರಳಿಟ್ಟು ಉಜ್ಜುವನು. ಎರಡೂ ಕಡೆ ಇತ್ತು. ಆಮೇಲೆ ಬೋರಿನ ನೀರಿನ ಮೇಲೆ ಅನುಮಾನ ಬಂತು. ಹೈದರಾಬಾದಿನ ಬೋರಿನ ನೀರು ಎಂಥ ಗಾಜನ್ನಾದರೂ ಕೆಡಿಸುತ್ತದೆ. ಆದರೆ ಅದು ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ, ಇದು ಪಟ್ಟಿ. ಆದರೂ ಇರಲಿ ಎಂದು ಮನೆಯ ನಲ್ಲಿ ನೀರನ್ನು ಕ್ಯಾನುಗಳಲ್ಲಿ ತುಂಬಿ ಆಟೋದಲ್ಲಿ ಸಾಗಿಸಿದೆವು. ಪಟ್ಟಿ ಹೋಗಲಿಲ್ಲ. ಸೋಪು ಕಡಿಮೆ ಮಾಡಿದೆವು, ಹೋಗಲಿಲ್ಲ. ವಿನೆಗರ್ ಹಾಕಿದೆವು, ಆ ಮಹಡಿಯೆಲ್ಲ ಉಪ್ಪಿನಕಾಯಿಯ ಭರಣಿ ಒಡೆದಂತೆ ನಾರಿತು, ಪಟ್ಟಿ ಮಾತ್ರ ಅಲ್ಲೇ ಇತ್ತು. ವೈಪರು ಕೊಂಡಿದ್ದ ರಾಣಿಗಂಜಿನ ಅಂಗಡಿಗೆ ಹೋಗಿ ಕೆಟ್ಟ ರಬ್ಬರ್ ಕೊಟ್ಟಿದ್ದೀಯ ಎಂದು ಜಗಳ ಮಾಡಿ ವೈಪರಿನ ರಬ್ಬರ್ ಬದಲಾಯಿಸಿಕೊಂಡು ಬಂದೆ. ಆ ಬಡಪಾಯಿಯ ರಬ್ಬರಿನಲ್ಲಿ ಏನೂ ದೋಷವಿರಲಿಲ್ಲ.

ವಿಚಿತ್ರವೆಂದರೆ ಬರೀ ನೀರು ಎರಚಿದರೆ ಪಟ್ಟಿ ಮಾಯವಾಗುತ್ತಿತ್ತು. ವೈಪರ್ ಎಳೆದು ಅಂಚು ಒರೆಸಿ ಅರ್ಧ ಗಂಟೆ ಬಿಟ್ಟರೆ ಮತ್ತೆ ಹಾಜರು. ಗಾಜಿನ ನಡುಭಾಗ ಮಾತ್ರ ಯಾವಾಗಲೂ ನಿರ್ಮಲ. ನಡುವೆ ಹೋಗುವುದು ರಬ್ಬರ್, ಅಂಚಿಗೆ ಹೋಗುವುದು ಅರಿವೆ. ಅಲ್ಲಿಗೆ ದೋಷ ಅರಿವೆಯಲ್ಲಿದೆ ಎಂದಾಯಿತು. ಆದರೆ ಅರಿವೆ ಒಗೆಯುವವರು ಅತ್ತೆ. ಅವರ ಒಗೆತದಲ್ಲಿ ತಪ್ಪು ಹುಡುಕುವುದು ನನಗೆ ಹೊಳೆಯಲೇ ಇಲ್ಲ. ಅಣ್ಣತಮ್ಮಂದಿರನ್ನು ಎದುರು ನಿಲ್ಲಿಸಿಕೊಂಡು, "ಕೈಗೆ ಎಣ್ಣಿ ಹಚ್ಕೊಂಡೀರೇನು? ತಂಬಾಕ ತಿಕ್ಕಿದ ಕೈಲೆ ಅರಿವಿ ಮುಟ್ಟೀರೇನು?" ಎಂದು ವಿಚಾರಣೆ ನಡೆಸಿದೆ.

ತಮ್ಮನಾದವನು ಎರಡೂ ಅಂಗೈ ಚಾಚಿ, "ಅಕ್ಕಾರ, ನಮ್ಮವ್ವನ ಆಣಿ, ಸಾಬಣ ಹಚ್ಚಿ ತೊಳ್ಕೊಂಡs ಮುಟ್ಟೀನ್ರಿ" ಎಂದ.

ಅವನ ಕೈ ಒರೆಸಿ ನೋಡೋಣವೆಂದು ಗಂಟಿನಿಂದ ಒಂದು ಹೊಸ ಮಡಿಕೆಯ ಅರಿವೆ ತೆಗೆದೆ. ಬಿಡಿಸುವಾಗ ಅದು ಹಪ್ಪಳ ಮುರಿದಂತೆ ಸದ್ದು ಮಾಡಿತು. ಮೆತ್ತಗಿರಬೇಕಾದ ಧೋತ್ರ ಬಿರುಸಾಗಿ ನಿಂತಿತ್ತು. ಕುಡಿಯುವ ನೀರಿನ ಲೋಟಕ್ಕೆ ಅದ್ದಿ ಹಿಂಡಿದೆ. ನೀರು ಮಬ್ಬಾಯಿತು. ಮೂಸಿ ನೋಡಿದೆ. ಅನ್ನ.

ಆಗ ಒಂದೊಂದೇ ನೆನಪಾಯಿತು. ಇತ್ತೀಚೆಗೆ ಅತ್ತೆ ಕುಕ್ಕರನ್ನು ಪಕ್ಕಕ್ಕಿಟ್ಟು ಅಗಲ ಪಾತ್ರೆಯಲ್ಲಿ ಅನ್ನ ಮಾಡಿ ಬಸಿಯುತ್ತಿದ್ದರು. ಬಸಿದ ಅನ್ನ ಅವರಿಗೆ ಸೇರುತ್ತದೆ ಎಂದುಕೊಂಡು ನಾನು ಸುಮ್ಮನಿದ್ದೆ. ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಗಂಜಿ ಹಾಕಿದ ಧೋತ್ರವಿಲ್ಲದೆ ಅವರು ಎಂದೂ ಮನೆ ಬಿಟ್ಟವರಲ್ಲ, ಅವರಿರುವಷ್ಟು ದಿನ ಅತ್ತೆ ಗಂಜಿ ಹಾಕದೆ ಎಂದೂ ಆ ಧೋತ್ರಗಳನ್ನು ಒಣಹಾಕಿದವರಲ್ಲ. ಹರಿದು ಚೂರಾದರೂ ಅವರಿಗೆ ಅವು ಗಂಡನ ಧೋತ್ರಗಳೇ. ಅಣ್ಣ ಹೊಗಳಿದ ಮೇಲೆ, ಇಷ್ಟು ದೊಡ್ಡ ಕಟ್ಟಡಕ್ಕೆ ಹೋಗುವ ಅರಿವೆಗಳು ಸುಕ್ಕು ಸುಕ್ಕಾಗಿ ಹೋದರೆ ಮಗನ ಮರ್ಯಾದೆ ಏನಾದೀತು ಎಂದು ಗಂಜಿ ಶುರು ಮಾಡಿದ್ದರು. ಅಣ್ಣತಮ್ಮಂದಿರು ಇಡೀ ಕಟ್ಟಡಕ್ಕೆ ಒಳಗೂ ಹೊರಗೂ ಗಂಜಿ ಬಳಿದಿದ್ದರು.

ನಾನು ಮೆಟ್ಟಿಲ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಮುಗಿದ ಮೇಲೆ ಭಯವಾಯಿತು. ತಮ್ಮಿಂದಲೇ ಮಗನ ಕೆಲಸ ಹೋಗುವುದರಲ್ಲಿತ್ತು ಎಂದು ತಿಳಿದರೆ ಅವರು ಈ ಮನೆಯಲ್ಲಿ ಒಂದು ದಿನವೂ ನಿಲ್ಲುವವರಲ್ಲ.

"ನೀನs ಹೇಳು" ಎಂದರು ನಮ್ಮ ಮನೆಯವರು.

"ನಿಮ್ಮವ್ವ, ನೀವs ಹೇಳ್ರಿ" ಎಂದೆ ನಾನು.

ಇಬ್ಬರೂ ಹೇಳಲಿಲ್ಲ. ಅರಿವೆಗಳನ್ನು ಕಟ್ಟಡದಲ್ಲೇ ಬಿಸಿನೀರಿನಲ್ಲಿ ನೆನೆಹಾಕಿ, ಗಂಜಿ ಬಿಡಿಸಿ, ಹಿಂಡಿ ಬಳಸುವುದೆಂದು ತೀರ್ಮಾನವಾಯಿತು. ಎಲ್ಲ ಗಾಜುಗಳ ಅಂಚನ್ನು ಮತ್ತೆ ಬರೀ ನೀರಿನಿಂದ ತೊಳೆದೆವು. ಓಪನಿಂಗಿಗೆ ಮೊದಲೇ ಒಂದು ಸಂಜೆ ಮ್ಯಾನೇಜರ್ ಒಂದು ಕಣ್ಣು ಮುಚ್ಚಿ ಮಹಡಿ ಮಹಡಿ ಸುತ್ತಿ, "ಬಾಗುಂದಿ, ಚೆನ್ನಾಗಿದೆ" ಎಂದರು. ವರ್ಷದ ಕೆಲಸವೂ ನಮಗೇ ಬಂತು. ಮನೆಗೆ ಬಂದು ಅತ್ತೆಗೆ ಪೇಡೆ ಕೊಟ್ಟು, "ನಿಮ್ಮ ಅರಿವಿಯಿಂದ ಗಾಜು ಫಳಫಳ ಹೊಳ್ಯಾಕತ್ತೈತ್ರಿ ಅತ್ತಿ" ಎಂದೆ. ಅವರ ಮುಖ ಅರಳಿದ್ದು ನೋಡಿ ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಎನಿಸಿತು.

ಮಾರನೆಯ ದಿನದಿಂದ ಗಂಜಿ ಇನ್ನೂ ಗಟ್ಟಿಯಾಯಿತು. ಹೊಗಳಿಕೆಯ ಫಲ. ಅರಿವೆಗಳು ನೆಲದ ಮೇಲೆ ಇಟ್ಟರೆ ನಿಲ್ಲುವ ಹಾಗಿದ್ದವು. ಅವರು ಹಾಕುವುದು, ನಾವು ತೆಗೆಯುವುದು, ಹೀಗೇ ಕೆಲವು ವಾರ ನಡೆಯಿತು. ನಡುವೆ ಅವರು, "ಗಂಟು ಸರಿ ಬರಾಕತ್ತೈತಿಲ್ಲೋ?" ಎಂದು ಕೇಳಿದಾಗಲೆಲ್ಲ ನಾನು ಭಾಳ ಛಲೋ ಎನ್ನುತ್ತಿದ್ದೆ.

ಒಂದು ಬೆಳಗ್ಗೆ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ತಮ್ಮನಾದವನು ಚಹಾ ಕುಡಿಯುತ್ತ, ಏನೂ ಕೆಟ್ಟ ಮನಸ್ಸಿಲ್ಲದೆ, "ಅವ್ವಾರ, ಗಂಜಿ ಇಷ್ಟು ದಪ್ಪ ಹಾಕಬ್ಯಾಡ್ರಿ, ಬಿಡಸೂದ್ರಾಗ ಕೈ ಸುಡ್ತಾವ. ನಿಮ್ಮ ಗಂಜಿ ಗಾಜಿಗೆ ಕೂತು ಆವಾಗs ಭಾಳ ಫಜೀತಿ ಆಗಿತ್ರಿ" ಎಂದ. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು.

ಅತ್ತೆ ಎಂದಿನಂತೆ ಗಂಟು ಕೊಟ್ಟು ಕಳಿಸಿದರು. ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಒಂದು ಲೋಟ ನೀರು ತಗೊಳ್ಳಲೇನವಾ?" ಎಂದು ಕೇಳಿದರು. ಆ ಮಾತು ಕೇಳಿ ಎಷ್ಟೋ ದಿನವಾಗಿತ್ತು. ಸಂಜೆ ಮಗ ಬಂದ ಕೂಡಲೇ, "ತಮ್ಮಾ, ನಾಳಿ ಕಾಚಿಗೂಡದಿಂದ ಬೆಂಗಳೂರಿಗೆ ನನ್ನ ಗಾಡಿ ಹತ್ತಿಸು" ಎಂದರು.

ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು, "ಅತ್ತಿ, ಆ ಹುಡುಗಗ ತಿಳುವಳಿಕಿ ಇಲ್ರಿ. ನಿಮ್ಮಿಂದ ಏನೂ ತಪ್ಪಾಗಿಲ್ರಿ. ನಿಮ್ಮ ಅರಿವಿ ಭಾಳ ಛಲೋ..." ಎಂದು ಶುರು ಮಾಡಿದೆ.

"ಸಾಕು ಬಿಡವಾ" ಎಂದರು ಅತ್ತೆ. ಸಿಟ್ಟಿರಲಿಲ್ಲ, ದಣಿವಿತ್ತು. "ತಪ್ಪು ಮಾಡೀನಿ ಅಂತ ಹೊಂಟಿಲ್ಲ ನಾ. ಅನ್ನ ಉಣ್ಣೂ ಮಂದ್ಯಾಗ ಯಾರಿಗೆ ತಪ್ಪಾಗಂಗಿಲ್ಲ? ನೀವಿಬ್ಬರೂ ಮುಚ್ಚಿಟ್ರಿ. ಬೀಗರ ತಪ್ಪು ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ಛಲೋ ಐತಿ ಛಲೋ ಐತಿ ಅಂತ ಕಳಸ್ತಾರ. ಮನಿ ಮಂದಿಗಾದ್ರ ಹೇಳ್ತಾರ. ನಾ ಈ ಮನಿ ಮಂದಿ ಆಗೀನಿ ಅನ್ಕೊಂಡಿದ್ನಿ."

ಯಾವ ಹೆದರಿಕೆಯಿಂದ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೆನೋ ಅದೇ ಅವರನ್ನು ಹೊರಡಿಸಿತ್ತು. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಸೊಂಟಕ್ಕೆ ಸೆರಗು ಸಿಕ್ಕಿಸಿ ಎದುರು ನಿಂತೆ.

"ಹೌದು, ಗಂಜಿ ಹಾಕು ಅಂತ ಯಾರು ಹೇಳಿದ್ರು ನಿಮಗ?" ಎಂದೆ. ಓಣಿಗೆಲ್ಲ ಕೇಳಿಸುವಷ್ಟು ದೊಡ್ಡ ದನಿ. "ಗಾಜು ಒರಸೂ ಅರಿವಿಗೆ ಯಾರರ ಗಂಜಿ ಹಾಕ್ತಾರೇನು? ಅದು ಕೋರ್ಟಿಗೆ ಹೊಂಟಿತ್ತೇನು? ನಿಮ್ಮ ಗಂಜಿ ಸಲುವಾಗಿ ರಾಣಿಗಂಜಿನವನ ಜೋಡಿ ಜಗಳ ಆಡೀನಿ, ಆಟೋದಾಗ ನೀರು ಹೊತ್ತೀನಿ, ಆ ಹುಡುಗರ ಕೈ ಚಾಚಿಸಿ ನೋಡೀನಿ! ಒಂದು ಮಾತು ಕೇಳಬಾರದಿತ್ತೇನು ನನ್ನ? ಈಗ ಬೆಂಗಳೂರಿಗೆ ಹೊಂಟೀರಿ. ನೀವು ಹೋದ್ರ ಮಧ್ಯಾಹ್ನ ನಾ ಯಾರ ಮುಖ ನೋಡಲಿ? ಹೋಗಂಗಿಲ್ಲ ನೀವು, ಹೇಳಿಬಿಡ್ತೀನಿ!"

ನಮ್ಮ ಮನೆಯವರು ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ನನ್ನನ್ನು ನೆಟ್ಟ ಕಣ್ಣಿನಿಂದ ನೋಡುತ್ತ ಮಾತು ಮುಗಿಯುವವರೆಗೂ ಕೇಳಿದರು.

"ಮುಗೀತೇನು?" ಎಂದರು.

"ಮುಗೀತು" ಎಂದೆ.

"ಹಂಗಾದ್ರ ನಂದೂ ಕೇಳು. ನೀ ಮಾಡೂ ಬ್ಯಾಳಿಸಾರು ಬರೇ ನೀರು. ಉಪ್ಪಿಲ್ಲ, ಖಾರಿಲ್ಲ. ಬಂದಾಗಿಂದ ಭಾಳ ಛಲೋ ಐತಿ ಅನ್ಕೋತ ಗಂಟಲಾಗ ಇಳಿಸೀನಿ. ಇನ್ನ ನನ್ನ ಕೈಲೆ ಆಗಂಗಿಲ್ಲ." ಮಗನ ಕಡೆ ತಿರುಗಿದರು. "ಏನು ನೋಡ್ಕೋತ ನಿಂತೀದಿ? ಗಾಡಿ ಬ್ಯಾಡ ಏನೂ ಬ್ಯಾಡ. ಪ್ಯಾಟಿಗೆ ಹೋಗಿ ಒಳ್ಳೆ ಕೆಂಪು ಖಾರ ತಗೊಂಡು ಬಾ."

ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ಯಾರನ್ನೂ ಏನನ್ನೂ ಕೇಳದೆ ಅಡುಗೆಮನೆಯೊಳಗೆ ಹೋದರು. ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆಯುತ್ತ, ಇದೇನು ಇಲ್ಲಿಟ್ಟೀದಿ, ಅದೇನು ಹಂಗಿಟ್ಟೀದಿ ಎಂದು ಒಂದೇ ಸಮನೆ ಬೈಯುತ್ತಿದ್ದರು. ನಾನು ನಡುಮನೆಯಲ್ಲಿ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅವರು ಬೈಯುವುದನ್ನು ನಿಲ್ಲಿಸದಿರಲಿ ಎಂದುಕೊಳ್ಳುತ್ತ ಕೇಳುತ್ತಿದ್ದೆ.